ವಿಭೂತಿ ಹಚ್ಚದ ಲಾಗ್‌ಬುಕ್

ಕ್ಯಾಪ್ಟನ್ ಆಗಲು ಅರ್ಜಿ ಹಾಕುವವರು ತಾವು ಹಾರಿದ ಮೊದಲ ಗಂಟೆಯಿಂದ ಹಿಡಿದು ಎಲ್ಲ ದಾಖಲೆಯನ್ನೂ ಮತ್ತೊಮ್ಮೆ ಒಪ್ಪಿಸಬೇಕು. ಹೋದ ಭಾನುವಾರ ಅದಕ್ಕೆಂದೇ ಪೀಣ್ಯದ ಅಪ್ಪನ ಮನೆಗೆ ಹೋಗಿದ್ದೆ. ಬೀರುವಿನ ಮೇಲಿನ ಅರೆಯಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಪಕ್ಕದಲ್ಲಿ, ನನ್ನ ಮೊದಲ ಲಾಗ್‌ಬುಕ್ ಇತ್ತು. ಅದನ್ನು ಹಳದಿ ಬಣ್ಣದ ಎಣ್ಣೆ ಕಾಗದದಲ್ಲಿ ಸುತ್ತಿ ನೂಲು ಕಟ್ಟಿದ್ದರು. ಕೈಗೆ ತೆಗೆದುಕೊಂಡ ಕೂಡಲೇ, ಕಬ್ಬಿಣ ತುಕ್ಕು ಹಿಡಿಯದಂತೆ ಸವರುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸೀರೆಗಳಿಗೂ ಅದೇ ವಾಸನೆ ಹತ್ತಿದೆ ಎಂದು ಅಮ್ಮ ಗೊಣಗಿದಳು. ನಾನು ಕೂಡಲೇ ನೂಲು ಬಿಚ್ಚಲಿಲ್ಲ. ಆ ದಿನಗಳ ಭಯವೂ ಆ ಕಾಗದದೊಳಗೇ ಮಡಚಿಕೊಂಡು ಕೂತಿತ್ತೇನೋ…

ಕಾಗದ ಗೇಜ್ ಸಾರ್ ಅವರದು.

ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ನಮ್ಮ ರಸ್ತೆಯಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ಅಪ್ಪನ ಶೆಡ್ಡು. ಕೆಳಗೆ ಅಪ್ಪನ ಮೂರು ಲೇತ್ ಮೆಷಿನ್ನು, ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಗೇಜ್ ಸಾರ್. ಅಳೆಯುವ ಉಪಕರಣಗಳನ್ನೇ ಅಳೆದು ನೋಡುವುದು ಅವರ ಕಸುಬು. ಸುತ್ತಲಿನ ವರ್ಕ್‌ಶಾಪಿನವರು ವರ್ಷಕ್ಕೊಮ್ಮೆ ತಮ್ಮ ಮೈಕ್ರೋಮೀಟರು, ಡಯಲ್ ಗೇಜುಗಳನ್ನು ಅವರಿಗೆ ಒಪ್ಪಿಸುತ್ತಿದ್ದರು. ಅವು ಸರಿಯಾದ ಅಳತೆ ತೋರಿಸುತ್ತಿವೆಯೋ ಇಲ್ಲವೋ ಎಂದು ಪರೀಕ್ಷಿಸಿ ಸಾರ್ ಸರ್ಟಿಫಿಕೇಟ್ ಕೊಡುತ್ತಿದ್ದರು. ಇಡೀ ರಸ್ತೆಗೆ ಏಸಿ ಇದ್ದದ್ದು ಅವರ ಕೋಣೆಯೊಂದರಲ್ಲೇ. ಏಪ್ರಿಲ್ ಬಂತೆಂದರೆ ಜೇಬಿನಲ್ಲೊಂದು ಗೇಜ್ ಇಟ್ಟುಕೊಂಡು, ಏನೋ ಅನುಮಾನ ಕೇಳುವವರಂತೆ ಎಲ್ಲರೂ ಮೆಟ್ಟಿಲು ಹತ್ತುತ್ತಿದ್ದರು. ಸಾರ್ ಅವರನ್ನೆಲ್ಲ ಗಾಜಿನ ಬಾಗಿಲಿನ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಪಾಸಾದ ಉಪಕರಣವನ್ನು ಹಳದಿ ಎಣ್ಣೆ ಕಾಗದದಲ್ಲಿ ಸುತ್ತಿ ಕೊಡುವರು, ಫೇಲಾದದ್ದನ್ನು ಹಳೆಯ ನ್ಯೂಸ್‌ಪೇಪರಿನಲ್ಲಿ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಈ ಪದ್ಧತಿ ರಸ್ತೆಯ ಮಾತಿನಲ್ಲೂ ಸೇರಿಕೊಂಡಿತ್ತು. ಯಾರದಾದರೂ ಮನೆಯಲ್ಲಿ ಹುಡುಗಿಗೆ ನೋಡಿದ ಗಂಡು ಸರಿಹೋಗಲಿಲ್ಲವೆಂದರೆ, “ಏನಪ್ಪಾ, ಪೇಪರ್‌ನಲ್ಲಿ ಸುತ್ತಿ ಕಳಿಸಿದ್ರಂತೆ?” ಎಂದು ಛೇಡಿಸುತ್ತಿದ್ದರು.

ಸಾರ್ ಹಾವೇರಿ ಕಡೆಯವರು. ಹಣೆಯ ತುಂಬ ಮೂರು ಗೆರೆ ವಿಭೂತಿ, ಅದರ ಕೆಳಗೆ ದಪ್ಪ ಗಾಜಿನ ಕನ್ನಡಕ. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಮೀಟರುಗಳನ್ನು ರಿಪೇರಿ ಮಾಡಿ ಬಂದವರು. ಎತ್ತರ ತೋರಿಸುವ ಮೀಟರನ್ನು ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ, ಆದರೆ ಎತ್ತರವೆಂದರೆ ಜೀವಭಯ. “ವಿಮಾನದಾಗ ಕುಂತಾಗೆಲ್ಲ ಕಣ್ಣ ಮುಚ್ಚೇ ಕುಂತಿರ್ತಿದ್ದೆ ತಂಗಿ. ಕೆಳಗ ನೋಡೋದು ಮೀಟರಿನ ಕೆಲಸ, ನನ್ನದಲ್ಲ,” ಎನ್ನುತ್ತಿದ್ದರು.

ನಾನು ದಕ್ಷಿಣ ಆಫ್ರಿಕದಲ್ಲಿ ವಿಮಾನ ಕಲಿತು, ಅಲ್ಲಿನ ಲೈಸೆನ್ಸ್ ಹಿಡಿದು ವಾಪಸು ಬಂದಾಗ ನನಗೆ ಇಪ್ಪತ್ತನಾಲ್ಕು. ಅಪ್ಪ ಅದಕ್ಕಾಗಿ ಇದ್ದೊಂದು ಸೈಟನ್ನೂ ಮಾರಿದ್ದ. ಬಂದ ಮಾರನೆಯ ದಿನದಿಂದಲೇ ಮೆಷಿನ್ನಿನವರೆಲ್ಲ “ಯಾವಾಗ ಮೇಡಂ ನಮ್ಮನ್ನ ಹಾರಿಸೋದು?” ಎಂದು ಕೇಳತೊಡಗಿದರು. ಹೊರದೇಶದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿನ ವಿಮಾನ ಕಂಪನಿಗಳಲ್ಲಿ ಹಾರಿಸಲಾಗದು, ಅದನ್ನು ಭಾರತದ ಲೈಸೆನ್ಸಾಗಿ ಬದಲಾಯಿಸಿಕೊಳ್ಳಬೇಕು ಎಂದು ಎಷ್ಟು ಜನಕ್ಕೆ ವಿವರಿಸಲಿ? ಅದಕ್ಕೆ ಇಲ್ಲಿನ ಪರೀಕ್ಷೆಗಳನ್ನು ಬರೆಯಬೇಕು. ವೈದ್ಯರ ಮುಂದೆ ನಿಲ್ಲಬೇಕು. ರೇಡಿಯೋದಲ್ಲಿ ಮಾತಾಡುವ ಪರೀಕ್ಷೆಯಲ್ಲಿ ತಡವರಿಸಬಾರದು. ಅಲ್ಲಿ ಹಾರಿದ ಪ್ರತಿ ಗಂಟೆಗೂ ಲಾಗ್‌ಬುಕ್ಕಿನ ಪುಟ ತೋರಿಸಬೇಕು.

ಪರೀಕ್ಷೆಗಳ ಭಯ ಎಲ್ಲರಿಗೂ ಇದ್ದದ್ದೇ. ನನ್ನ ಭಯ ಲಾಗ್‌ಬುಕ್ಕಿನ ಒಂದು ಸಾಲಿನಲ್ಲಿತ್ತು.

ಲೈಸೆನ್ಸಿಗೆ ಒಂದು ದೀರ್ಘ ಹಾರಾಟ ಕಡ್ಡಾಯ. ಒಬ್ಬರೇ ಮುನ್ನೂರು ನಾಟಿಕಲ್ ಮೈಲು ಹಾರಬೇಕು. ದಾರಿಯಲ್ಲಿ ಬೇರೆ ಎರಡು ಕಡೆ ಇಳಿದು, ವಿಮಾನವನ್ನು ಪೂರ್ತಿ ನಿಲ್ಲಿಸಿ, ಮತ್ತೆ ಏರಬೇಕು. ಅಲ್ಲಿ ನಾನು ಆ ಹಾರಾಟ ಮಾಡಿದ ದಿನ ಎರಡನೇ ನಿಲ್ದಾಣದಲ್ಲಿ ಅಡ್ಡಗಾಳಿ ಬೀಸುತ್ತಿತ್ತು. ರನ್‌ವೇ ಹತ್ತಿರವಾದಂತೆ ವಿಮಾನದ ಮೂಗು ಒಂದು ಕಡೆ, ರನ್‌ವೇ ಒಂದು ಕಡೆ. ಚಕ್ರ ಒಮ್ಮೆ ನೆಲಕ್ಕೆ ಬಡಿಯಿತು. ವಿಮಾನ ಪಕ್ಕಕ್ಕೆ ಜಾರಿತು. ನನ್ನ ಬಾಯಿಂದ “ಅಮ್ಮಾ” ಎಂದಷ್ಟೇ ಬಂತು. ಇಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೇಲೆದ್ದುಬಿಟ್ಟೆ. ಮತ್ತೆ ಇಳಿಯಲು ಧೈರ್ಯ ಸಾಲದೆ ನೇರ ಶಾಲೆಗೆ ವಾಪಸಾದೆ. ಸಂಜೆ ಲಾಗ್‌ಬುಕ್ ಬರೆಯುವಾಗ ಜೊತೆಯವಳೊಬ್ಬಳು, “ಮುಟ್ಟಿತಲ್ಲ, ಫುಲ್ ಸ್ಟಾಪ್, ಪೂರ್ತಿ ನಿಂತೆ ಅಂತ ಬರಿ, ಎಲ್ಲರೂ ಹಾಗೇ ಬರೆಯೋದು,” ಎಂದಳು. ಬರೆದೆ. ಶಿಕ್ಷಕರು ಏನೂ ಕೇಳದೆ ಸಹಿ ಹಾಕಿದರು.

ಆಮೇಲೆ ಸ್ವಲ್ಪ ಗಾಳಿ ಇದ್ದ ದಿನಗಳಲ್ಲಿ ಹೊಟ್ಟೆನೋವು ಎಂದೋ ತಲೆನೋವು ಎಂದೋ ತಪ್ಪಿಸಿಕೊಂಡೆ. ಶಿಕ್ಷಕರು ಪಕ್ಕದಲ್ಲಿದ್ದರೆ ಸರಿ. ಒಬ್ಬಳೇ ಆದರೆ ರನ್‌ವೇ ಕಂಡ ಕೂಡಲೇ ಅಂಗೈ ಬೆವರುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೆದರುಪುಕ್ಕಲು ಪೈಲಟ್ ಎಂದರೆ ಈಜು ಬಾರದ ಮೀನು ಎಂದ ಹಾಗೆ, ಕೇಳಿದವರು ನಗುತ್ತಾರೆ.

ಆ ವರ್ಷ ಆಯುಧಪೂಜೆ ಬಂತು. ಅಂದು ಬೆಳಿಗ್ಗೆ ನಮ್ಮ ರಸ್ತೆಯವರೆಲ್ಲ ತಮ್ಮ ಅಳತೆಯ ಉಪಕರಣಗಳನ್ನು ಸಾರ್ ಅವರ ಕೋಣೆಗೆ ತರುವುದು ವಾಡಿಕೆ. ಗ್ರಾನೈಟ್ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅವನ್ನೆಲ್ಲ ಸಾಲಾಗಿ ಜೋಡಿಸಿ, ಸಾರ್ ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಹಚ್ಚುತ್ತಿದ್ದರು. ಆದರೆ ಸರ್ಟಿಫಿಕೇಟ್ ನೋಡದೆ ಯಾವುದಕ್ಕೂ ಹಚ್ಚುವವರಲ್ಲ. “ತಪ್ಪು ತೋರಿಸೋ ಸಾಮಾನಿಗೆ ಪೂಜಿ ಇಲ್ಲ,” ಎಂದು ಫೇಲಾದದ್ದನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ದೊಡ್ಡ ಫ್ಯಾಕ್ಟರಿಯವರದೇ ಆಗಲಿ, ಸ್ವಂತ ತಮ್ಮನದೇ ಆಗಲಿ.

“ನಿನ್ನ ಆಯುಧ ಅಂದ್ರೆ ಆ ಪುಸ್ತಕಾನೇ ಅಲ್ವಾ ಪುಟ್ಟಿ, ಅದನ್ನೂ ಇಡು,” ಎಂದು ಅಪ್ಪ ನನ್ನ ಲಾಗ್‌ಬುಕ್ ಒಯ್ದು ಮೇಜಿನ ಮೇಲಿಟ್ಟ. ನಾನು ಬೇಡವೆನ್ನುವಷ್ಟರಲ್ಲಿ ಸಾರ್ ಅದನ್ನು ಕೈಗೆ ತೆಗೆದುಕೊಂಡಿದ್ದರು. ಕನ್ನಡಕ ಮೇಲೇರಿಸಿ ಪುಟ ತಿರುವತೊಡಗಿದರು. ಪ್ರತಿ ಕಾಲಮ್ಮಿನ ಮೇಲೂ ಬೆರಳಾಡಿಸುತ್ತ ಮೇಲಿನಿಂದ ಕೆಳಕ್ಕೆ ಬರುತ್ತಿದ್ದರು. ಕೆಳಗೆ ಮೆಷಿನ್ನುಗಳ ಮುಂದೆ ಕುಂಬಳಕಾಯಿ ಒಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನನ್ನು ಯಾರೂ ಏನೂ ಅಂದಿರಲಿಲ್ಲ. ನನ್ನ ಕೈ ಮಾತ್ರ ತಾನಾಗಿ ಹೆಗಲ ಮೇಲಿನ ದುಪಟ್ಟಾವನ್ನು ಹಿಡಿದುಕೊಂಡಿತ್ತು.

ಬೆರಳು ಒಂದು ಕಡೆ ನಿಂತಿತು. ಮತ್ತೆ ಅದೇ ಸಾಲಿನ ಮೊದಲಿಗೆ ಹೋಯಿತು. ಅವರು ನನ್ನ ಮುಖ ನೋಡಲಿಲ್ಲ. ಪುಸ್ತಕ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಪಕ್ಕದ ಮೈಕ್ರೋಮೀಟರಿಗೆ ವಿಭೂತಿ ಹಚ್ಚಿದರು.

ಪೂಜೆ ಮುಗಿದು ಎಲ್ಲರಿಗೂ ಮಂಡಕ್ಕಿ, ಬೂಂದಿ ಕೊಟ್ಟ ಮೇಲೆ ಲಾಗ್‌ಬುಕ್ ನನ್ನ ಕೈಗೆ ಬಂತು. ನ್ಯೂಸ್‌ಪೇಪರಿನಲ್ಲಿ ಸುತ್ತಿತ್ತು.

ಮೆಟ್ಟಿಲಿಳಿಯುವಾಗ ಅಪ್ಪ ಅದನ್ನು ನೋಡಿದ. “ಇದ್ಯಾಕೆ ಪೇಪರ್‌ನಲ್ಲಿ?” ಎಂದ. ಎಣ್ಣೆ ಕಾಗದ ಮುಗಿದಿರಬೇಕು ಎಂದೆ. ಅಪ್ಪ ನಂಬಲಿಲ್ಲ. ನಲವತ್ತು ವರ್ಷ ಪೀಣ್ಯದಲ್ಲಿದ್ದವನಿಗೆ ಅಷ್ಟು ಗೊತ್ತಾಗದೆ? ಎರಡು ದಿನ ಕಾದು, ಮೂರನೇ ದಿನ ಊಟಕ್ಕೆ ಕೂತಾಗ ಮತ್ತೆ ಕೇಳಿದ. ಆ ಸಾಲಿನ ವಿಷಯ ಹೇಳಿದೆ. ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಇಳಿದ ಟೈಮು, ಎದ್ದ ಟೈಮು ಎರಡೂ ಒಂದೇ ಇದೆ, ಅಷ್ಟೇ ತಾನೆ? ಎದ್ದ ಟೈಮು ಹತ್ತು ನಲವತ್ತೆರಡನ್ನ ಹತ್ತು ಐವತ್ತೆರಡು ಮಾಡು. ಒಂದು ಅಂಕಿ. ಪೀಸ್ ಒಂಚೂರು ಜಾಸ್ತಿ ಇದ್ರೆ ನಾವು ಎಮರಿ ಪೇಪರ್ ಹಾಕಿ ಉಜ್ಜಲ್ವಾ? ಅದನ್ಯಾರು ನೋಡ್ತಾರೆ?”

ಅಪ್ಪ ಕೆಟ್ಟವನಲ್ಲ. ಅವನಿಗೂ ಭಯವಾಗಿತ್ತು. ಸೈಟು ಹೋಗಿತ್ತು, ಮಗಳು ಪೈಲಟ್ ಎಂದು ಊರಿಗೆಲ್ಲ ಹೇಳಿಯಾಗಿತ್ತು. ಮಧ್ಯಾಹ್ನ ಶೆಡ್ಡಿನ ಆಫೀಸಿನಲ್ಲಿ ಒಬ್ಬಳೇ ಕೂತು ಪೆನ್ನು ತೆಗೆದುಕೊಂಡೆ. ನಾಲ್ಕನ್ನು ಐದು ಮಾಡುವುದು ಕಷ್ಟವೇನಲ್ಲ, ಅದೇ ನೀಲಿ ಶಾಯಿ, ನನ್ನದೇ ಅಕ್ಷರ. ತಲೆಯ ಮೇಲೆ ಮಹಡಿಯಲ್ಲಿ ಸಾರ್ ಸ್ಟೂಲ್ ಎಳೆದುಕೊಂಡ ಸದ್ದಾಯಿತು. ಪೆನ್ನು ಕಾಗದದ ಮೇಲೆ ಒಂದು ಚುಕ್ಕಿ ಇಟ್ಟು ನಿಂತಿತು. ಆ ಚುಕ್ಕಿಯನ್ನು ನೋಡುತ್ತ ಕೂತೆ, ಆಮೇಲೆ ಎದ್ದು ಮೇಲಕ್ಕೆ ಹೋದೆ.

“ಬಾ ತಂಗಿ. ಚಪ್ಪಲ್ ಹೊರಗ ಬಿಡು,” ಎಂದರು. ಪೂಜೆಯ ದಿನ ಬಿಟ್ಟರೆ, ಗಾಜಿನ ಬಾಗಿಲಿನ ಒಳಗೆ ನನ್ನನ್ನು ಕರೆದದ್ದು ಅದೇ ಮೊದಲು.

“ಸಾರ್, ಆ ಸಾಲು…”

“ಹತ್ತು ನಲವತ್ತೆರಡಕ್ಕ ಇಳದಿ, ಹತ್ತು ನಲವತ್ತೆರಡಕ್ಕ ಎದ್ದಿ. ಪೂರ್ತಿ ನಿಂತೆ ಅಂತ ಬರದಿ. ಗಾಲಿನರ ನಿಂತಿತ್ತೇನು?”

“ಇಲ್ಲ ಸಾರ್.”

ಅವರು ಕನ್ನಡಕ ಒರೆಸಿಕೊಂಡರು. ಅಪ್ಪ ತಿದ್ದು ಎನ್ನುತ್ತಿದ್ದಾನೆ ಎಂದು ಅದನ್ನೂ ಹೇಳಿಬಿಟ್ಟೆ.

“ತಿದ್ದು. ಯಾರಿಗೂ ಗೊತ್ತಾಗಂಗಿಲ್ಲ. ನಾನೂ ಯಾರ ಮುಂದೂ ಹೇಳಂಗಿಲ್ಲ,” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಆದ್ರ ಮುಂದ ಒಂದಿನ ನೂರಾರು ಮಂದಿ ನಿನ್ನ ಹಿಂದ ಕುಂತಿರ್ತಾರ. ಅವತ್ತ ಗಾಳಿ ಅಡ್ಡ ಬಂದ್ರ ಏನ ತಿದ್ದತಿ?”

ನನಗೆ ಅಳು ತಡೆಯಲಾಗಲಿಲ್ಲ. ಲ್ಯಾಂಡಿಂಗ್ ಎಂದರೇ ಭಯ, ಆವತ್ತಿನಿಂದ ಒಬ್ಬಳೇ ಗಾಳಿಯಲ್ಲಿ ಇಳಿಸಿಲ್ಲ, ಲೈಸೆನ್ಸ್ ಸಿಗದಿದ್ದರೂ ಭಯ, ಸಿಕ್ಕರೂ ಭಯ ಎಂದೆಲ್ಲ ಬಡಬಡಿಸಿದೆ. ಅಮ್ಮನಿಗೂ ಹೇಳದ್ದನ್ನು ಆ ತಣ್ಣನೆಯ ಕೋಣೆಯಲ್ಲಿ ಗೇಜುಗಳ ನಡುವೆ ಕೂತು ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ಗೇಜು ಒರೆಸುವ ಶುಭ್ರವಾದ ಬಟ್ಟೆಯೊಂದನ್ನು ಮುಂದೆ ಚಾಚಿದರು.

“ಹೆದರಿಕಿ ಇರೋದು ತಪ್ಪಲ್ಲ ತಂಗಿ. ನನಗೂ ಐತಿ. ಇಲ್ಲ ಅಂತ ಬರದದ್ದು ತಪ್ಪು.”

ಆಮೇಲೆ ಕೆಲಸದ ಮಾತು ಹೇಳಿದರು. ಅಳಿಸಬಾರದು, ಕೆರೆಯಬಾರದು. ತಪ್ಪು ಬರೆದದ್ದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. “ಕೆಳಗಿಂದು ಓದಾಕ ಬರಬೇಕು ನೋಡು.” ಅದರ ಪಕ್ಕ ನಡೆದದ್ದನ್ನು ಬರೆದು ಸಹಿ ಹಾಕಬೇಕು. ಆ ಶಾಲೆಗೂ ಬರೆದು ತಿಳಿಸಬೇಕು. ಹಾರಾಟವನ್ನು ಮತ್ತೊಮ್ಮೆ ಮಾಡಬೇಕು, ಒಬ್ಬಳೇ.

ಅವರ ಮೇಜಿನ ಮೇಲೆ, ಅವರ ಸ್ಟೀಲ್ ಸ್ಕೇಲ್ ಇಟ್ಟು ಗೆರೆ ಎಳೆದೆ. “ಪೂರ್ತಿ ನಿಲ್ಲಲಿಲ್ಲ, ಮುಟ್ಟಿ ಎದ್ದೆ” ಎಂದು ಇಂಗ್ಲಿಷಿನಲ್ಲಿ ಬರೆದೆ. ನನ್ನ ಬದುಕು ಅಲ್ಲಿಗೆ ಮುಗಿಯಿತು ಎಂದೇ ಅಂದುಕೊಂಡಿದ್ದೆ. ಶಾಲೆಗೆ ಪತ್ರ ಕಳಿಸಿದ ಮೇಲೆ ಉತ್ತರ ಬರಲು ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನ ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು. ಇರುವ ಲೈಸೆನ್ಸನ್ನೂ ಕಿತ್ತುಕೊಂಡರೆ? ಅಪ್ಪ ನನ್ನೊಂದಿಗೂ ಸಾರ್ ಜೊತೆಗೂ ಮಾತು ಬಿಟ್ಟಿದ್ದ. ಕೊನೆಗೆ ಉತ್ತರ ಬಂತು. ಹಾರಾಟ ಮತ್ತೆ ಮಾಡಿ ದಾಖಲೆ ಕಳಿಸು, ನಿನ್ನ ಫೈಲಿಗೆ ಸೇರಿಸುತ್ತೇವೆ ಎಂದಿತ್ತು.

ಬೇಕಾದ ಅನುಮತಿಗಳನ್ನೆಲ್ಲ ಪಡೆದು, ರಾಜ್ಯದ ಉತ್ತರ ಭಾಗದ ಒಂದು ತರಬೇತಿ ಶಾಲೆಯಿಂದ ಆ ಹಾರಾಟಕ್ಕೆ ಹೊರಟದ್ದು ಜನವರಿಯಲ್ಲಿ. ಹಿಂದಿನ ದಿನ ಸಾರ್ ಹೇಳಿದ್ದು ಒಂದೇ ಮಾತು. “ನಿಂತ ಮ್ಯಾಲೆ ಫೋನ್ ಮಾಡು. ಮುಟ್ಟಿದ ಮ್ಯಾಲಲ್ಲ, ನಿಂತ ಮ್ಯಾಲೆ.”

ಮೊದಲ ನಿಲ್ದಾಣದಲ್ಲಿ ಗಾಳಿ ಇರಲಿಲ್ಲ. ಇಳಿದೆ, ನಿಲ್ಲಿಸಿದೆ, ಇಂಜಿನ್ ಆರಿಸಿ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಪಶಕುನ ಎಂದುಕೊಂಡೆ. ವಿಮಾನ ಓಡಿಸುವವಳು ಶಕುನ ನಂಬುವುದೇ ಎಂದು ನಗಬೇಡಿ; ಆ ಹೊತ್ತಿನಲ್ಲಿ ಬೆಕ್ಕು ಅಡ್ಡ ಬಂದಿದ್ದರೂ ವಾಪಸು ಹೋಗಿಬಿಡುತ್ತಿದ್ದೆ.

ಎರಡನೇ ನಿಲ್ದಾಣ ಕಾಣಿಸಿದಾಗ ರೇಡಿಯೋದಲ್ಲಿ ಗಾಳಿಯ ವೇಗ ಹೇಳಿದರು. ಅಡ್ಡಗಾಳಿ. ವಿಮಾನಕ್ಕೆ ಮೀರಿದ್ದೇನಲ್ಲ, ನನಗೆ ಮೀರಿದ್ದು. ರನ್‌ವೇ ಪಕ್ಕದಲ್ಲಿ ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆಯ ಚೀಲ ಉಬ್ಬಿ ಅಡ್ಡಕ್ಕೆ ನಿಂತಿತ್ತು. ಅಂಗೈ ಒದ್ದೆಯಾಯಿತು. ಮೊದಲ ಸಲ ಇಳಿಯಲಾಗದೆ ಮೇಲೆದ್ದೆ. ಸುತ್ತು ಹಾಕುವಾಗ ಕಿಟಕಿಯಿಂದ ನೋಡಿದೆ. ಕೆಳಗೆ ಹೊಲಗಳು, ಒಂದು ಕೆರೆ, ಬಟ್ಟೆ ಒಗೆಯುತ್ತಿದ್ದ ಹೆಂಗಸರು. ಅವರಲ್ಲೊಬ್ಬಳಾಗಿದ್ದರೆ ಸಾಕಿತ್ತು ಎನ್ನಿಸಿತು. ಎರಡನೇ ಸಲ ಮೂಗನ್ನು ಗಾಳಿಯ ಕಡೆ ತಿರುಗಿಸಿ ಹಿಡಿದು ಇಳಿಯುತ್ತ ಬಂದೆ. ಕೊನೆಯಲ್ಲಿ ನೇರ ಮಾಡಿದೆ. ಒಂದು ಚಕ್ರ ಮುಟ್ಟಿತು, ಆಮೇಲೆ ಇನ್ನೊಂದು. ಕೈ ತಾನಾಗಿ ಇಂಜಿನ್ನಿನ ಹಿಡಿಕೆಯ ಕಡೆ ಹೋಯಿತು, ಮತ್ತೆ ಮೇಲೇಳಲು. ಅದನ್ನು ಹಿಂದಕ್ಕೆಳೆದು ಬ್ರೇಕ್ ಒತ್ತಿದೆ. ಒತ್ತುತ್ತಲೇ ಇದ್ದೆ…

ನಿಂತಿತು.

ಇಂಜಿನ್ ಆರಿಸಿ, ಕೆಳಗಿಳಿದು, ರೆಕ್ಕೆಯ ನೆರಳಿನಲ್ಲಿ ಕೂತು ಫೋನ್ ಮಾಡಿದೆ. ಈ ಸಲ ಎತ್ತಿದರು. ಬೆಳಿಗ್ಗೆ ಗಾಜಿನ ಕೋಣೆಯಲ್ಲಿದ್ದರಂತೆ, ಅಲ್ಲಿಗೆ ಅವರು ಫೋನ್ ಒಯ್ಯುತ್ತಿರಲಿಲ್ಲ.

“ನಿಂತೆ ಸಾರ್.”

“ಎಷ್ಟ ನಿಮಿಷ ಆತು?”

“ಹನ್ನೆರಡು.”

“ಇನ್ನೊಂದು ಹತ್ತು ನಿಮಿಷ ಕುಂಡ್ರು. ಏನ ಅವಸರ ಐತಿ,” ಎಂದರು. ಅವರ ದನಿಯೂ ನಡುಗುತ್ತಿತ್ತು.

ಪರೀಕ್ಷೆಗಳು, ವೈದ್ಯರು, ಕಾಗದಗಳು ಒಂದೊಂದಾಗಿ ಮುಗಿದವು. ಫೈಲು ವಾರಗಟ್ಟಲೆ ಅಲುಗದೆ ಕೂತಾಗ ಆ ಗೆರೆಯನ್ನು ಯಾರೋ ಬೆರಳಿಟ್ಟು ನೋಡುತ್ತಿದ್ದಾರೆ ಎಂದು ಪ್ರತಿದಿನ ಹೆದರಿದೆ. ಯಾರೂ ಏನೂ ಕೇಳಲಿಲ್ಲ. ಲೈಸೆನ್ಸ್ ಬಂತು, ಒಂದು ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಅಪ್ಪ ಸಾರ್ ಅವರಿಗೆ ಒಂದು ಕಿಲೋ ಮೈಸೂರುಪಾಕ್ ಒಯ್ದು ಕೊಟ್ಟು ಮಾತು ಶುರುಮಾಡಿದ. ನೀನು ಓಡಿಸುವ ವಿಮಾನದಲ್ಲಿ ಒಮ್ಮೆ ಹುಬ್ಬಳ್ಳಿಗೆ ಹೋಗುತ್ತೇನೆ, ಆದರೆ ಕಿಟಕಿಯ ಪಕ್ಕ ಕೂರುವುದಿಲ್ಲ ಎಂದು ಸಾರ್ ಕರಾರು ಹಾಕಿದರು.

ಮುಂದಿನ ಆಯುಧಪೂಜೆಗೆ ನಾನು ಬೇರೆ ಊರಿನಲ್ಲಿ ತರಬೇತಿಯಲ್ಲಿದ್ದೆ. ಲಾಗ್‌ಬುಕ್ಕನ್ನು ಸಾರ್ ಹತ್ತಿರ ಇಡು ಎಂದು ಅಪ್ಪನಿಗೆ ಹೇಳಿ ಮರೆತೆ. ಆಮೇಲಿನ ಹಾರಾಟಗಳೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತಿದ್ದವು, ಆ ಪುಸ್ತಕ ಬೇಕಾಗಲಿಲ್ಲ. ಸಂಕ್ರಾಂತಿ ಕಳೆದ ವಾರ ಸಾರ್ ಆ ಕೋಣೆಯಲ್ಲೇ ಸ್ಟೂಲಿನಿಂದ ಕುಸಿದರು. ಹಾವೇರಿಗೆ ಒಯ್ದು ಮಣ್ಣು ಮಾಡಿದರು. ನನಗೆ ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಗಟ್ಟಿಯಾಗಿ ಕೇಳಲೇ ಇಲ್ಲ. ಅವರು ನನ್ನ ವಿಮಾನ ಹತ್ತಲೇ ಇಲ್ಲ.

ಭಾನುವಾರ ನೂಲು ಬಿಚ್ಚಿದೆ. ಅಪ್ಪ ಪಕ್ಕದಲ್ಲೇ ಕೂತಿದ್ದ. ಹೊಸ ಹಾರಾಟದ ಪುಟವನ್ನೇ ಮೊದಲು ತೆರೆದೆ. ಅಲ್ಲಿ ವಿಭೂತಿಯ ಗುರುತೇನೂ ಇರಲಿಲ್ಲ. ನಿರಾಸೆಯಿಂದ ಹಿಂದಕ್ಕೆ ತಿರುಗಿಸುತ್ತ ಹೋದೆ. ನಾನು ಗೆರೆ ಎಳೆದ ಸಾಲಿನ ಪುಟ ಬಂದಾಗ ಬೂದಿ ಬಣ್ಣದ ಪುಡಿ ಉದುರಿತು. ಆ ಸಾಲಿನ ಪಕ್ಕದಲ್ಲಿ ಮೂರು ಬೆರಳಿನ ವಿಭೂತಿ ಇತ್ತು.

“ಪೂಜೆ ದಿನ ನಾನು ಹೊಸ ಪುಟಾನೇ ತೆಗ್ದು ಕೊಟ್ಟಿದ್ದೆ,” ಎಂದ ಅಪ್ಪ. “ಅವ್ರೇ ಹಿಂದಕ್ಕೆ ತಿರುಗಿಸ್ಕೊಂಡ್ರು. ಇದು ಈಗ ಸರಿ ತೋರಿಸ್ತೈತಿ ಅಂದ್ರು.”

ಇವತ್ತು ಬೆಳಿಗ್ಗೆ ಅದನ್ನು ಸ್ಕ್ಯಾನ್ ಮಾಡಿಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅರ್ಜಿ ನೋಡುವವರು ಈ ಸಲ ಆ ಗೆರೆಯನ್ನು ಕಾಣದೆ ಬಿಡುವುದಿಲ್ಲ. ಏನಿದು ಎಂದು ಕೇಳಿಯೇ ಕೇಳುತ್ತಾರೆ, ಮೊದಲಿನಿಂದ ಎಲ್ಲ ಹೇಳಬೇಕು. ಅಂಗಡಿಯವರು ಆ ಪುಟ ತೆರೆದು ಕೈಯಲ್ಲಿ ಬಟ್ಟೆ ಹಿಡಿದು ನನ್ನ ಕಡೆ ನೋಡಿದರು.

“ಧೂಳು ಕೂತಿದೆ ಮೇಡಂ, ಒರೆಸ್ಲಾ?”

“ಬೇಡ. ಹಾಗೇ ಬರಲಿ,” ಎಂದೆ.

ಮುಚ್ಚಳದಡಿಯಲ್ಲಿ ಬೆಳಕು ನಿಧಾನವಾಗಿ ಸರಿದು ಹೋಯಿತು. ಅಂಗೈ ಆವತ್ತಿನಂತೆಯೇ ಬೆವರಿತ್ತು. ಸಾರ್‌ಗೆ ಹೇಳಲೆಂದು ಅಭ್ಯಾಸಬಲದಿಂದ ಫೋನ್ ಕೈಗೆ ತೆಗೆದುಕೊಂಡೆ, ಮತ್ತೆ ಬ್ಯಾಗಿನಲ್ಲಿಟ್ಟೆ.